ಜಾಹೀರಾತಿನಲ್ಲೇ ಫೋನ್ ನಂಬರ್ ಬರೆದರೆ ಕ್ಲಿಕ್ಕಿನ ದುಡ್ಡು ಉಳಿಯುತ್ತದಾ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದು ಮೋಟಾರ್ ವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ ಅಂಗಡಿ. ಗಿರಾಕಿಗಳು ಹೆಚ್ಚಿನವರು ಅಡಿಕೆ ತೋಟದವರು. ಗೂಗಲ್‌ನಲ್ಲಿ ಜಾಹೀರಾತು ಕೊಡಬೇಕೆಂದಿದ್ದೇನೆ. ಅದರಲ್ಲಿ ಒಂದೊಂದು ಕ್ಲಿಕ್ಕಿಗೂ ದುಡ್ಡು ಹೋಗುತ್ತದಂತೆ. ಹಾಗಾದರೆ ಜಾಹೀರಾತಿನ ಸಾಲಿನಲ್ಲೇ ನನ್ನ ನಂಬರ್ ಬರೆದರೆ ಜನ ಕ್ಲಿಕ್ ಮಾಡದೆ, ನಂಬರ್ ನೋಡಿಯೇ ಫೋನ್ ಮಾಡಬಹುದಲ್ವಾ? ಗಡಿಯ ಆಚೆ ಕರ್ನಾಟಕದ ವಿಟ್ಲ, ಪುತ್ತೂರು ಕಡೆಯವರೂ ನಮ್ಮಲ್ಲಿಗೆ ಬರುತ್ತಾರೆ. ಲ್ಯಾಂಡ್‌ಲೈನ್ ಕೊಡಲಾ, ಮೊಬೈಲ್ ಕೊಡಲಾ?

ಉತ್ತರ: ಲೆಕ್ಕದ ತಲೆ ಇರುವವರೇ ಈ ಪ್ರಶ್ನೆ ಕೇಳುವುದು. ನೇರವಾಗಿ ಹೇಳಿಬಿಡುತ್ತೇನೆ. ಗೂಗಲ್ ಜಾಹೀರಾತಿನ ತಲೆಬರಹದಲ್ಲಾಗಲಿ, ಅದರ ಕೆಳಗಿನ ವಿವರದ ಸಾಲಿನಲ್ಲಾಗಲಿ ಫೋನ್ ನಂಬರ್ ಬರೆಯುವ ಹಾಗಿಲ್ಲ. ಬರೆದರೆ ಜಾಹೀರಾತು ಪಾಸ್ ಆಗುವುದಿಲ್ಲ. ನಂಬರಿಗೆಂದೇ ಬೇರೆ ಜಾಗ ಇದೆ. ಅಲ್ಲಿ ಹಾಕಿದ ನಂಬರನ್ನು ಯಾರಾದರೂ ಒತ್ತಿದರೆ ಕ್ಲಿಕ್ಕಿನ ದುಡ್ಡೇ ಹೋಗುತ್ತದೆ.

ಒಂದು ಕಾಲದಲ್ಲಿ ನೀವು ಹೇಳಿದ ಉಪಾಯ ನಡೆಯುತ್ತಿತ್ತು ಮಾರಾಯ್ರೆ. ಕ್ಲಿಕ್ಕಿಗೆ ಇಷ್ಟು ಎಂದು ದುಡ್ಡು ತೆಗೆದುಕೊಳ್ಳುವ ಪದ್ಧತಿಯನ್ನು ಚಾಲ್ತಿಗೆ ತಂದದ್ದು ಅಮೆರಿಕದ ಗೋಟು ಡಾಟ್ ಕಾಮ್ ಎಂಬ ಹುಡುಕಾಟದ ತಾಣ, 1998ರಲ್ಲಿ. ಗೂಗಲ್ 2000ದಲ್ಲಿ ಆ್ಯಡ್‌ವರ್ಡ್ಸ್ ಎಂಬ ತನ್ನ ಜಾಹೀರಾತು ಸೇವೆ ತೆರೆದಾಗ ಎಷ್ಟು ಸಲ ತೋರಿಸಿದೆ ಎಂಬುದರ ಮೇಲೆ ಬಿಲ್ ಹಾಕುತ್ತಿತ್ತು. 2002ರಲ್ಲಿ ಅದೂ ಕ್ಲಿಕ್ಕಿನ ಲೆಕ್ಕಕ್ಕೆ ಇಳಿಯಿತು. 2018ರಲ್ಲಿ ಹೆಸರು ಗೂಗಲ್ ಆ್ಯಡ್ಸ್ ಆಯಿತು. ಮೊದಮೊದಲು ಅಂಗಡಿಯವರು ಸಾಲಿನೊಳಗೇ ನಂಬರ್ ತುರುಕುತ್ತಿದ್ದರು. ನೋಡುವವನು ಕಂಪ್ಯೂಟರ್ ಎದುರು ಕೂತಿರುತ್ತಿದ್ದ, ನಂಬರ್ ನೋಡಿ ಪಕ್ಕದ ಫೋನ್ ಎತ್ತುತ್ತಿದ್ದ. ಅಂಗಡಿಗೆ ಗಿರಾಕಿ ಸಿಕ್ಕಿದ, ಗೂಗಲಿಗೆ ಚಿಕ್ಕಾಸೂ ಇಲ್ಲ. 2010ರಲ್ಲಿ ಮೊಬೈಲ್ ಜಾಹೀರಾತಿಗೆ, ಒತ್ತಿದರೆ ನೇರ ಕರೆ ಹೋಗುವ ನಂಬರ್ ಬಂತು. 2013ರಲ್ಲಿ ಸಾಲಿನೊಳಗಿನ ನಂಬರಿಗೆ ಬಾಗಿಲು ಹಾಕಿದರು. ಎಲ್ಲ ಜಾಹೀರಾತೂ ಒಂದೇ ಥರ ಕಾಣಲಿ ಎಂಬುದು ಅವರು ಕೊಟ್ಟ ಕಾರಣ. ನೀವು ಹಾಕಿದ ಲೆಕ್ಕವನ್ನು ಅವರೂ ಹಾಕಿದ್ದರು ಅನ್ನುವುದು ನನ್ನ ಅನುಮಾನ.

ಕೆಲವರು ಬುದ್ಧಿ ಓಡಿಸುತ್ತಾರೆ. 'ಒಂಬತ್ತು ನಾಲ್ಕು ನಾಲ್ಕು' ಎಂದು ಅಕ್ಷರದಲ್ಲಿ ಬರೆಯುವುದು, ಅಂಕಿಗಳ ನಡುವೆ ಚುಕ್ಕಿ ಇಡುವುದು. ಒಂದೆರಡು ದಿನ ನಡೆದರೂ ನಡೆಯಬಹುದು. ಸಿಕ್ಕಿಬಿದ್ದರೆ ನಿಯಮ ತಪ್ಪಿಸಲು ನೋಡಿದಿರಿ ಅಂತ ಖಾತೆಯನ್ನೇ ಅಮಾನತು ಮಾಡುವ ಅಧಿಕಾರ ಅವರಿಗಿದೆ. ಅಮಾನತಾದ ಖಾತೆಯನ್ನು ವಾಪಸ್ ಪಡೆಯುವುದೆಂದರೆ ತಾಲೂಕು ಕಚೇರಿಗೆ ಅಲೆಯುವುದಕ್ಕಿಂತ ಕಷ್ಟ. ಅದಲ್ಲದೆ ಜಾಗವೂ ದಂಡ. ತಲೆಬರಹಕ್ಕೆ ಸಿಗುವುದು 30 ಅಕ್ಷರ, ವಿವರಕ್ಕೆ 90. ಕನ್ನಡದಲ್ಲಿ ಬರೆದರೆ ಕಾಗುಣಿತದ ಗುರುತುಗಳೂ ಲೆಕ್ಕಕ್ಕೆ ಸೇರುತ್ತವೆ. 'ಕಾಸರಗೋಡು' ನಮ್ಮ ಕಣ್ಣಿಗೆ ಐದು ಅಕ್ಷರ, ಕಂಪ್ಯೂಟರಿಗೆ ಎಂಟು. ಇದ್ದ ಚೂರು ಜಾಗದಲ್ಲಿ ಹತ್ತು ಅಂಕಿ ಬರೆದರೆ 'ಸಬ್‌ಮರ್ಸಿಬಲ್ ಮೋಟಾರ್ ರಿಪೇರಿ' ಅನ್ನುವುದನ್ನು ಎಲ್ಲಿ ಬರೆಯುತ್ತೀರಿ?

ಸರಿ, ನಂಬರಿನ ಸರಿಯಾದ ಜಾಗ ಯಾವುದು? ಗೂಗಲ್ ಆ್ಯಡ್ಸ್‌ನಲ್ಲಿ ಅದಕ್ಕೆ ಕಾಲ್ ಅಸೆಟ್ ಎನ್ನುತ್ತಾರೆ. ಹಳಬರ ಬಾಯಲ್ಲಿ ಇನ್ನೂ ಕಾಲ್ ಎಕ್ಸ್‌ಟೆನ್ಶನ್. ಅಲ್ಲಿ ನಂಬರ್ ಕೊಟ್ಟರೆ ಮೊಬೈಲಿನಲ್ಲಿ ಜಾಹೀರಾತಿನ ಜತೆ ಕರೆ ಮಾಡುವ ಬಟನ್ ಬರುತ್ತದೆ. ಪ್ರತಿ ಸಲವೂ ಬರುತ್ತದೆ ಎಂದೇನಿಲ್ಲ, ಯಾವಾಗ ತೋರಿಸಬೇಕೆಂದು ಗೂಗಲ್ಲೇ ತೀರ್ಮಾನಿಸುತ್ತದೆ. ನಂಬರ್ ನಿಮ್ಮ ವ್ಯಾಪಾರದ್ದೇ ಎಂದು ಅವರಿಗೆ ಖಾತ್ರಿಯಾಗಬೇಕು. ಆದ್ದರಿಂದ ಅದೇ ನಂಬರ್ ನಿಮ್ಮ ವೆಬ್‌ಸೈಟಿನಲ್ಲೂ ಕಾಣಲಿ. ಫ್ಯಾಕ್ಸ್ ನಂಬರ್, ಕರೆ ಮಾಡಿದವರಿಗೆ ಹೆಚ್ಚು ದುಡ್ಡು ಬೀಳುವ ನಂಬರ್, ಅಂಕಿಯ ಬದಲು ಅಕ್ಷರ ಇರುವ ನಂಬರ್ ನಡೆಯುವುದಿಲ್ಲ. ಕಾಲ್-ಓನ್ಲಿ ಅಂತ ಬರೀ ಕರೆಗಾಗಿಯೇ ಒಂದು ಬಗೆಯ ಜಾಹೀರಾತು 2015ರಲ್ಲಿ ಬಂದಿತ್ತು. ಅದನ್ನು ಈಗ ಗೂಗಲ್ ಹಿಂದಕ್ಕೆ ಎಳೆದುಕೊಳ್ಳುತ್ತಿದೆ. ಹಳೇ ವಿಡಿಯೊ ನೋಡಿ ಅದನ್ನು ಹುಡುಕಲು ಹೋಗಬೇಡಿ. ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ಮಾಮೂಲಿ ಸರ್ಚ್ ಜಾಹೀರಾತು, ಅದಕ್ಕೊಂದು ಕಾಲ್ ಅಸೆಟ್, ನಿಮಗೆ ಅಷ್ಟು ಸಾಕು.

ದುಡ್ಡಿನ ಮಾತಿಗೆ ಬರೋಣ. ತಲೆಬರಹ ಒತ್ತಿ ನಿಮ್ಮ ಪುಟಕ್ಕೆ ಬಂದರೂ, ಕರೆಯ ಬಟನ್ ಒತ್ತಿದರೂ ಎರಡೂ ಕ್ಲಿಕ್ಕೇ. ಒತ್ತಿದವನು ರಿಂಗ್ ಆಗುವ ಮೊದಲೇ ಕಟ್ ಮಾಡಿದರೂ ಕ್ಲಿಕ್ ಕ್ಲಿಕ್ಕೇ. ಕಂಪ್ಯೂಟರಿನಲ್ಲಿ ನಂಬರ್ ನೋಡಿ ಬೇರೆ ಫೋನಿನಲ್ಲಿ ಒತ್ತಿ ಕರೆದವನ ಕ್ಲಿಕ್ ಲೆಕ್ಕಕ್ಕಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಹಳೇ ಉಪಾಯ ಇನ್ನೂ ಬದುಕಿದೆ. ಆದರೆ ತೋಟದಲ್ಲಿ ಮೋಟಾರ್ ನಿಂತಾಗ ಕಂಪ್ಯೂಟರ್ ಮುಂದೆ ಕೂತು ಹುಡುಕುವವರು ಯಾರು? ಪಂಪ್ ಶೆಡ್ಡಿನ ಬಾಗಿಲಲ್ಲೇ ನಿಂತು ಮೊಬೈಲಿನಲ್ಲಿ ಹುಡುಕುತ್ತಾರೆ.

ಇನ್ನೊಂದು, ದಿನದ ಬಜೆಟ್ಟು 150 ರೂಪಾಯಿ ಎಂದು ಇಟ್ಟರೆ ಕೆಲವು ದಿನ 300 ಹೋಗಬಹುದು. ಒಂದು ದಿನಕ್ಕೆ ಎರಡರಷ್ಟರವರೆಗೆ ಖರ್ಚು ಮಾಡುವ ಸ್ವಾತಂತ್ರ್ಯ ಗೂಗಲಿಗಿದೆ. ತಿಂಗಳಿಗೆ ಮಾತ್ರ 30.4 ಪಟ್ಟು ಮೀರುವುದಿಲ್ಲ, ಅಂದರೆ 4,560 ರೂಪಾಯಿ. ಮೊದಲೇ ದುಡ್ಡು ತುಂಬುವ ಖಾತೆಯಾದರೆ 1,000 ರೂಪಾಯಿ ಹಾಕಿದಾಗ 18 ಶೇಕಡಾ ಜಿಎಸ್‌ಟಿ ಕಳೆದು ಜಾಹೀರಾತಿಗೆ ಉಳಿಯುವುದು 847 ರೂಪಾಯಿ ಚಿಲ್ಲರೆ. 'ನನ್ನ 152 ರೂಪಾಯಿ ಎಲ್ಲಿ ಹೋಯಿತು' ಅಂತ ಮೊದಲ ದಿನವೇ ಗಾಬರಿಯಾಗಿ ಫೋನ್ ಮಾಡಿದವರಿದ್ದಾರೆ. ಜಿಎಸ್‌ಟಿ ನೋಂದಣಿ ಇದ್ದರೆ ಆ ನಂಬರ್ ಖಾತೆಯಲ್ಲಿ ಕೊಡಿ, ನಿಮ್ಮ ಆಡಿಟರ್ ಅದನ್ನು ಇನ್‌ಪುಟ್ ಲೆಕ್ಕಕ್ಕೆ ಹಾಕುತ್ತಾರೆ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುತ್ತಾರೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಕ್ಲಿಕ್ಕಿಗೆ ಹೋಗುವ ಎಂಟು ಹತ್ತು ರೂಪಾಯಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದೀರಿ. ನಿಮ್ಮಂಥ ಅಂಗಡಿಯಲ್ಲಿ ದುಡ್ಡು ಸೋರುವುದು ಎತ್ತದ ಫೋನಿನಲ್ಲಿ.

ಕಳೆದ ಬೇಸಗೆಯಲ್ಲಿ ನಿಮ್ಮ ಥರದ್ದೇ ಒಂದು ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆ. ಜಾಹೀರಾತು ಹೋಗುತ್ತಿದೆ, ವ್ಯಾಪಾರ ಮಾತ್ರ ಇಲ್ಲ ಎಂಬ ದೂರು. ಹತ್ತೂವರೆಗೆ ಫೋನ್ ರಿಂಗಾಯಿತು. ಯಜಮಾನರ ಎರಡೂ ಕೈಯಲ್ಲಿ ವಾರ್ನಿಷ್. ಮುಂದೆ ಬಿಚ್ಚಿಟ್ಟ ಸ್ಟೇಟರ್, ಅರ್ಧ ಸುತ್ತಿದ ತಾಮ್ರದ ತಂತಿ. ಬಿಟ್ಟರೆ ಸುತ್ತಿನ ಲೆಕ್ಕ ತಪ್ಪುತ್ತದೆ. 'ಆಮೇಲೆ ನಾನೇ ಮಾಡ್ತೇನೆ' ಅಂದರು. ಫೋನ್ ಸುಮ್ಮನಾಯಿತು. ಹತ್ತು ನಿಮಿಷ ಕಳೆದು ಮತ್ತೊಂದು ಕರೆ. ಈ ಸಲ ಕೆಲಸದ ಹುಡುಗ ಎತ್ತಿದ. ಆಚೆಯಿಂದ ಯಾರೋ ಹವ್ಯಕರ ಮನೆಯ ಹಿರಿಯರು ಕನ್ನಡದಲ್ಲಿ ಕೇಳುತ್ತಿದ್ದಾರೆ, ಹುಡುಗನಿಗೆ ಬರುವುದು ಮಲಯಾಳ ಮಾತ್ರ. ಅವರು 'ಐದು ಎಚ್‌ಪಿ, ಬೋರಿನದ್ದು' ಅನ್ನುತ್ತಿದ್ದಾರೆ, ಇವನು 'ಆ, ಆ' ಅನ್ನುತ್ತಿದ್ದಾನೆ. ಕೊನೆಗೆ ಅವರೇ ಇಟ್ಟರು. ಮಧ್ಯಾಹ್ನದ ಒಳಗೆ ಏಳು ಕರೆ ಬಂತು, ಸರಿಯಾಗಿ ಮಾತಾಡಿದ್ದು ಎರಡರಲ್ಲಿ. ಸಂಜೆ ಯಜಮಾನರು ಉಳಿದವರಿಗೆ ತಿರುಗಿ ಫೋನ್ ಮಾಡಿದರೆ, 'ಆಗಲೇ ಇನ್ನೊಬ್ಬರಿಗೆ ಕೊಟ್ಟೆವು' ಎಂಬ ಉತ್ತರ. ಫೆಬ್ರವರಿ ತಿಂಗಳಲ್ಲಿ ಅಡಿಕೆಗೆ ನೀರು ನಿಂತರೆ ಯಾರು ಸಂಜೆಯವರೆಗೆ ಕಾಯುತ್ತಾರೆ?

ಹಾಗಾಗಿ ಜಾಹೀರಾತು ಶುರು ಮಾಡುವ ಮೊದಲು ಫೋನ್ ಎತ್ತುವವರನ್ನು ನಿಗದಿ ಮಾಡಿ. ಮನೆಯವರು ಯಾರಾದರೂ ಆಗಬಹುದು. ಪಂಪಿನ ವಿದ್ಯೆ ಗೊತ್ತಿರಬೇಕೆಂದಿಲ್ಲ. ಊರು ಯಾವುದು, ಎಷ್ಟು ಎಚ್‌ಪಿ, ಬೋರಿನದ್ದೋ ಬಾವಿಯದ್ದೋ, ತಂದು ಕೊಡುತ್ತೀರೋ ನಾವು ಬರಬೇಕೋ ಎಂದು ಕೇಳಿ ಬರೆದುಕೊಂಡರೆ ಸಾಕು. ನಮ್ಮ ಊರಿನಲ್ಲಿ ಭಾಷೆಯ ಮಾತು ಬೇರೆ ಹೇಳಬೇಕೇ? ಒಬ್ಬರು 'ಮೋಟಾರ್ ಕಟ್ಟುವುದುಂಟಾ' ಅನ್ನುತ್ತಾರೆ, ಇನ್ನೊಬ್ಬರು ತುಳುವಿನಲ್ಲಿ 'ಮೋಟರ್ ಸರಿ ಮಲ್ಪುವರಾ' ಅನ್ನುತ್ತಾರೆ, ಮತ್ತೊಬ್ಬರು ಮಲಯಾಳದಲ್ಲಿ 'ಮೋಟರ್ ನನ್ನಾಕ್ಕುಮೋ' ಅನ್ನುತ್ತಾರೆ. ಮೂರಕ್ಕೂ ಅದದೇ ಭಾಷೆಯಲ್ಲಿ 'ತನ್ನಿ' ಎನ್ನಬಲ್ಲವರು ಬೇಕು.

ಯಾರೂ ಇಲ್ಲದ ಹೊತ್ತು ಇದ್ದರೆ ಆ ಹೊತ್ತಿಗೆ ನಂಬರ್ ತೋರಿಸಬೇಡಿ. ಕಾಲ್ ಅಸೆಟ್‌ಗೆ ವೇಳಾಪಟ್ಟಿ ಹಾಕುವ ಸೌಕರ್ಯ ಇದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರು ಎಂದು ಕೊಟ್ಟರೆ ರಾತ್ರಿ ಬಟನ್ ಕಾಣುವುದಿಲ್ಲ. ಜಾಹೀರಾತು ಬೇಕಾದರೆ ಇರಲಿ, ಪುಟಕ್ಕೆ ಬಂದು ವಾಟ್ಸಾಪ್ ಮಾಡಲಿ. ಈಗಿನವರು ಮೋಟಾರಿನ ಮೇಲಿನ ತಗಡಿನ ಪ್ಲೇಟಿನ ಫೋಟೊ ತೆಗೆದು ಕಳಿಸುತ್ತಾರೆ. ಕಂಪನಿ, ಎಚ್‌ಪಿ, ಫೇಸು ಎಲ್ಲ ಅದರಲ್ಲೇ ಇರುತ್ತದೆ. ನಿಮಗೂ ಸುಲಭ.

ಯಾವ ನಂಬರ್ ಎಂಬ ನಿಮ್ಮ ಎರಡನೇ ಪ್ರಶ್ನೆ. ನನ್ನ ಸಲಹೆ, ಹೊಸದೊಂದು ಸಿಮ್. ಜಾಹೀರಾತಿಗೆ ಮತ್ತು ವೆಬ್‌ಸೈಟಿಗೆ ಮಾತ್ರ ಆ ನಂಬರ್, ಬೋರ್ಡಿಗೆ ಹಳೇದು. ಕಾಲ್ ಅಸೆಟ್‌ನಿಂದ ಎಷ್ಟು ಜನ ಬಟನ್ ಒತ್ತಿದರು ಎಂದು ಗೂಗಲ್ ಹೇಳುತ್ತದೆ. ಅವರಲ್ಲಿ ಮೋಟಾರ್ ತಂದವರು ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಬೇರೆ ಸಿಮ್ ಇದ್ದರೆ ಅದರಲ್ಲಿ ಬಂದ ಕರೆ ಹೆಚ್ಚಿನದೂ ಜಾಹೀರಾತಿನದ್ದು ಎಂದು ಹೇಳಬಹುದು. ಎರಡು ಸಿಮ್ಮಿನ ಫೋನ್ ಹೇಗೂ ಇರುತ್ತದಲ್ಲ.

ಲ್ಯಾಂಡ್‌ಲೈನ್ ಬೇಡ ಅನ್ನುವುದಕ್ಕೆ ನನಗೆ ಕಾರಣಗಳಿವೆ. ಅಂಗಡಿಯ ಹಳೇ ಸೆಟ್ಟಿನಲ್ಲಿ ಯಾರು ಕರೆದರೆಂದು ಕಾಣದಿದ್ದರೆ ತಪ್ಪಿದ ಕರೆ ತಪ್ಪಿಹೋದಂತೆಯೇ. ಇನ್ನೊಂದು ಗಡಿಯ ವಿಷಯ. ಪುತ್ತೂರಿನವರಿಗೆ 08251 ಗೊತ್ತು, ಮಂಗಳೂರಿನ 0824 ಗೊತ್ತು. ನಿಮ್ಮ ಕಡೆಯ 04998 ಕಂಡರೆ 'ಇದು ಕೇರಳದ್ದು' ಅನ್ನಿಸುತ್ತದೆ. ಹಿಂದೆ ಗಡಿಯ ತಲಪಾಡಿ ದಾಟಿದರೆ ಮೊಬೈಲಿಗೆ ರೋಮಿಂಗ್ ಬೀಳುತ್ತಿದ್ದ ಕಾಲದ ನೆನಪು ಹಿರಿಯರಿಗೆ ಇನ್ನೂ ಇದೆ. ವಿಟ್ಲದಿಂದ ನಿಮ್ಮ ಅಂಗಡಿ ದೂರವೇನಲ್ಲ, ಕೋಡು ನೋಡಿ ದೂರ ಅನ್ನಿಸಬಾರದು. ಮೊಬೈಲಿಗೆ ಊರಿನ ಕೋಡು ಇಲ್ಲ, ಆ ತಾಪತ್ರಯವೂ ಇಲ್ಲ.

ವೆಬ್‌ಸೈಟಿನಲ್ಲಿ ನಂಬರ್ ಬರೆಯುವಾಗ ಮೊದಲಿಗೆ +91 ಸೇರಿಸಿ, ಮುಟ್ಟಿದರೆ ಕರೆ ಹೋಗುವ ಹಾಗೆ ಲಿಂಕ್ ಮಾಡಿಸಿ. ನಂಬರನ್ನು ಚಿತ್ರದೊಳಗೆ ಬರೆಸಿ ಬಿಟ್ಟವರನ್ನು ಎಷ್ಟೋ ನೋಡಿದ್ದೇನೆ. ಅದನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಕಾಪಿ ಮಾಡಲೂ ಬರುವುದಿಲ್ಲ. +91 ಯಾಕೆ ಅಂದರೆ, ನಮ್ಮ ಜಿಲ್ಲೆಯ ಎಷ್ಟು ಮನೆಯ ಮಕ್ಕಳು ಗಲ್ಫ್‌ನಲ್ಲಿಲ್ಲ? ಅಪ್ಪನ ತೋಟದ ಪಂಪು ಕೆಟ್ಟಾಗ ದುಬೈಯಲ್ಲಿ ಕೂತ ಮಗ ಹುಡುಕಿ ಫೋನ್ ಮಾಡುವುದುಂಟು. ದುಡ್ಡು ಕೊಡುವವನೂ ಅವನೇ.

ಇದೇ ಕಾರಣಕ್ಕೆ, ಜಾಹೀರಾತು ಎಲ್ಲಿಯವರಿಗೆ ಕಾಣಬೇಕು ಎಂಬ ಸ್ಥಳದ ಸೆಟ್ಟಿಂಗಿನಲ್ಲಿ ಸ್ವಲ್ಪ ತಾಳ್ಮೆ ಬೇಕು. ಗೂಗಲ್ ತಾನಾಗಿ ಆರಿಸುವುದು ಆ ಜಾಗದಲ್ಲಿ ಇರುವವರು ಮತ್ತು ಆ ಜಾಗದ ಮೇಲೆ ಆಸಕ್ತಿ ತೋರಿದವರು, ಇಬ್ಬರನ್ನೂ. ಸಾಮಾನ್ಯವಾಗಿ ನಾನು 'ಇರುವವರು ಮಾತ್ರ' ಎಂದು ಬದಲಿಸುತ್ತೇನೆ, ಇಲ್ಲವಾದರೆ ಎಲ್ಲೆಲ್ಲಿನ ಕ್ಲಿಕ್ಕೋ ಬರುತ್ತದೆ. ನಿಮ್ಮದಕ್ಕೂ ಮೊದಲು ಹಾಗೇ ಇಡಿ. ಗಲ್ಫ್ ಮಗನ ಪ್ರಯೋಗ ಆಮೇಲೆ ಬೇಕಾದರೆ ಮಾಡೋಣ. 'ಕಾಸರಗೋಡು ಜಿಲ್ಲೆ' ಎಂದು ಆರಿಸಿದರೆ ವಿಟ್ಲ, ಪುತ್ತೂರು ಹೊರಗುಳಿಯುತ್ತವೆ. ಅದರ ಬದಲು ಬದಿಯಡ್ಕವನ್ನು ನಡುವೆ ಇಟ್ಟು 25 ಕಿಲೋಮೀಟರಿನ ವೃತ್ತ ಎಳೆಯಿರಿ. ಪಶ್ಚಿಮಕ್ಕೆ ಒಂದಷ್ಟು ಸಮುದ್ರ ಸೇರಿಕೊಳ್ಳುತ್ತದೆ, ಮೀನು ಫೋನ್ ಮಾಡುವುದಿಲ್ಲ, ನಷ್ಟವಿಲ್ಲ. ಉತ್ತರಕ್ಕೆ ಪೆರ್ಲ, ವಿಟ್ಲ ಬರುತ್ತವೆ, ಪುತ್ತೂರು ಅಂಚಿಗೆ ತಾಗುತ್ತದೆ. ವೃತ್ತಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ನಮಗೆ ಅದೇ ಬೇಕಾದದ್ದು.

ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ. ಆದರೆ ನೀವು ಬರೆದ ಜಾಹೀರಾತನ್ನು ಗೂಗಲ್ ಅನುವಾದ ಮಾಡಿ ತೋರಿಸುವುದಿಲ್ಲ. ನಮ್ಮಲ್ಲಿ ಕನ್ನಡ ಮಾತಾಡುವವರ ಫೋನೂ ಇಂಗ್ಲಿಷಿನಲ್ಲೇ ಇರುತ್ತದೆ, ಹುಡುಕುವುದೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿ. ಬರೀ 'ಕನ್ನಡ' ಎಂದು ಆರಿಸಿದರೆ ಅವರಲ್ಲಿ ಕೆಲವರು ತಪ್ಪಿಹೋಗಬಹುದು. ಭಾಷೆಯನ್ನು ತೆರೆದೇ ಇಟ್ಟು, ಜಾಹೀರಾತುಗಳನ್ನು ಗುಂಪು ಮಾಡಿ. ಕನ್ನಡ ಲಿಪಿಯಲ್ಲಿ ಹುಡುಕಿದವರಿಗೆ ಕನ್ನಡದ್ದು, ಮಲಯಾಳ ಲಿಪಿಗೆ ಮಲಯಾಳದ್ದು, ಉಳಿದದ್ದಕ್ಕೆ ಇಂಗ್ಲಿಷಿನದು. ಕಾಲ್ ಅಸೆಟ್ಟನ್ನು ಒಂದೊಂದು ಗುಂಪಿಗೂ ಬೇರೆ ಕೊಡಬಹುದು. ಮಲಯಾಳ ಗುಂಪಿನ ನಂಬರ್ ಮಲಯಾಳ ಬರುವ ಕೆಲಸದ ಹುಡುಗನ ಕೈಯಲ್ಲಿ, ಕನ್ನಡ ಗುಂಪಿನದು ಮನೆಯವರ ಕೈಯಲ್ಲಿ. ಜನ ಇದ್ದರೆ ಹೀಗೆ ಮಾಡಿ. ಇಲ್ಲದಿದ್ದರೆ ಒಂದೇ ನಂಬರ್, ಎರಡೂ ಭಾಷೆ ಬರುವವರು.

ಸಿಮ್ ವಿಷಯದಲ್ಲಿ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕುಂಬಳೆ ಕಡೆಯ ಒಬ್ಬರಿಗೆ ಹೀಗೇ ಬೇರೆ ಸಿಮ್ ತೆಗೆಸಿ ಜಾಹೀರಾತು ಹಾಕಿಕೊಟ್ಟಿದ್ದೆ. ಆ ಸಿಮ್ಮಿನಿಂದ ಅವರು ಯಾರಿಗೂ ಕರೆ ಮಾಡುತ್ತಿರಲಿಲ್ಲ, ಬರೀ ಒಳಬರುವುದಕ್ಕೆ. ರೀಚಾರ್ಜ್ ಮುಗಿದದ್ದು ಅವರಿಗೂ ಗೊತ್ತಾಗಲಿಲ್ಲ, ನನಗೂ ನೆನಪಿರಲಿಲ್ಲ. ಒಳಬರುವ ಕರೆ ನಿಂತಿತು. ಜಾಹೀರಾತು ಮಾತ್ರ ಠೀವಿಯಿಂದ ಓಡುತ್ತಿತ್ತು, ಬಟನ್ನನ್ನು ಜನ ಒತ್ತುತ್ತಿದ್ದರು. ಒಂಬತ್ತು ದಿನ. 'ಏನು, ಈ ವಾರ ಫೋನೇ ಇಲ್ಲ' ಎಂದು ಅವರು ಹೇಳಿದ ಮೇಲೆ ನಾನು ಆ ನಂಬರಿಗೆ ಕರೆ ಮಾಡಿ ನೋಡಿದೆ. ಆ ಒಂಬತ್ತು ದಿನದ ಖರ್ಚನ್ನು ನಾನೇ ಕೊಟ್ಟೆ, ಮುಖ ತೋರಿಸಲು ನಾಚಿಕೆಯಾಗಿತ್ತು. ಈಗ ಪ್ರತಿ ಸೋಮವಾರ ಬೆಳಿಗ್ಗೆ ನಾನು ನೋಡಿಕೊಳ್ಳುವ ಎಲ್ಲ ನಂಬರಿಗೂ ಒಂದೊಂದು ಕರೆ ಮಾಡುತ್ತೇನೆ. ಸೇವ್ ಆಗಿರುವ ನಂಬರ್ ಒತ್ತುವುದಿಲ್ಲ, ವೆಬ್‌ಸೈಟಿನಲ್ಲಿ ಇರುವುದನ್ನೇ ಮುಟ್ಟಿ ನೋಡುತ್ತೇನೆ. ನನ್ನದೇ ಜಾಹೀರಾತನ್ನು ಒತ್ತಿ ಪರೀಕ್ಷೆ ಮಾಡುವುದಿಲ್ಲ, ಅದಕ್ಕೆ ದುಡ್ಡು ಹೋಗುತ್ತದೆ! ನಿಮ್ಮ ಹುಡುಗನಿಗೂ ಹೇಳಿಡಿ, ಕುತೂಹಲಕ್ಕೆ ಒತ್ತುತ್ತಾರೆ.

ಮತ್ತೊಂದು ಮಾತು, ಈಗ ಜನರಿಗೆ ಹೆದರಿಕೆ ಜಾಸ್ತಿ. ನೆಟ್‌ನಲ್ಲಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಂಡವರ ಸುದ್ದಿ ಎಲ್ಲರೂ ಕೇಳಿದ್ದಾರೆ. ಅದಕ್ಕೆಂದೇ 1930 ಅಂತ ಸಹಾಯವಾಣಿ ಇಡಬೇಕಾಗಿ ಬಂದಿದೆ. ಆದ್ದರಿಂದ ಮೊದಲ ಕರೆಯಲ್ಲೇ ಗೂಗಲ್ ಪೇ ಅಡ್ವಾನ್ಸ್ ಕೇಳಬೇಡಿ. ಫೋನ್ ಎತ್ತಿದ ಕೂಡಲೇ ಅಂಗಡಿಯ ಹೆಸರು ಮತ್ತು ಊರು ಹೇಳಿ. ತಿರುಗಿ ಕರೆ ಮಾಡಿದಾಗ ಟ್ರೂಕಾಲರಿನಲ್ಲಿ ಯಾವ ಹೆಸರು ಬರುತ್ತದೆಂದು ಒಮ್ಮೆ ನೋಡಿಕೊಳ್ಳಿ. ಹೊಸ ಸಿಮ್ ಅಂದರೂ ಅದು ಹಿಂದೆ ಯಾರದ್ದೋ ಆಗಿದ್ದಿರಬಹುದು. ಬಳಕೆ ನಿಂತ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಹಳೇ ಹೆಸರು ಕಂಡರೆ ಬದಲಿಸಿಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೆ ನಿಮಗೆ ಬೇಕಾದ ಪುಕ್ಕಟೆಯ ದಾರಿ ಹೇಳುತ್ತೇನೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕಿದ್ದೀರಾ? ಹಿಂದೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರು, 2021ರಿಂದ ಬಿಸಿನೆಸ್ ಪ್ರೊಫೈಲ್. ಅಲ್ಲಿ ನಂಬರ್ ಹಾಕಿದರೆ ಯಾರು ಎಷ್ಟು ಸಲ ಒತ್ತಿ ಕರೆದರೂ ನಿಮಗೆ ಒಂದು ಪೈಸೆಯೂ ಇಲ್ಲ. ಅಂಗಡಿಯ ಎದುರಿನ ಫೋಟೊ, ಒಳಗೆ ವೈಂಡಿಂಗ್ ಮಾಡುವ ಫೋಟೊ, ತೆರೆಯುವ ಹೊತ್ತು, ಭಾನುವಾರ ಉಂಟೋ ಇಲ್ಲವೋ, ಎಲ್ಲ ಹಾಕಿ. ಕೆಲಸ ಮುಗಿಸಿ ಹೋಗುವ ಗಿರಾಕಿಯ ಹತ್ತಿರ ಎರಡು ಸಾಲು ಬರೆಯಲು ಹೇಳಿ, ಕನ್ನಡದಲ್ಲೇ ಬರೆಯಲಿ. ನಾನಾದರೆ ಮೊದಲು ಇದನ್ನು ಮಾಡುತ್ತೇನೆ. ಜಾಹೀರಾತಿಗೆ ವರ್ಷವಿಡೀ ದುಡ್ಡು ಹಾಕುವ ಅಗತ್ಯವೂ ನಿಮಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡುವವರಿಲ್ಲ. ಡಿಸೆಂಬರಿನಿಂದ ಮೇವರೆಗೆ, ಅದರಲ್ಲೂ ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರು ತಿಂಗಳು ಕೈಬಿಚ್ಚಿ ಹಾಕಿ, ಮಳೆ ಹಿಡಿದ ದಿನ ನಿಲ್ಲಿಸಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲೂ ಕರೆಯ ಬಟನ್, ವಾಟ್ಸಾಪ್ ಬಟನ್ ಇರುವ ಜಾಹೀರಾತು ಇದೆ. ಬೇಕಲ ಕಡೆಯ ಹೋಮ್‌ಸ್ಟೇಯವರಿಗೆ ನಾನು ಅದನ್ನೇ ಹೇಳುತ್ತೇನೆ. ಮೋಟಾರ್ ಸುಟ್ಟವನು ರೀಲ್ಸ್ ನೋಡುತ್ತಾ ಕೂತಿರುವುದಿಲ್ಲ, ನಿಮಗೆ ಅದು ಬೇಡ.

ಫೋನಿನ ಪಕ್ಕ ಒಂದು 40 ಪುಟದ ನೋಟ್‌ಬುಕ್ ಇಡಿ, ದಾರದಲ್ಲಿ ಪೆನ್ನು ಕಟ್ಟಿ. ದಿನ, ಹೊತ್ತು, ಊರು, ಭಾಷೆ, ಏನು ಕೆಲಸ, ಬಂದರೋ ಇಲ್ಲವೋ. ಆರು ಕಾಲಮ್. ಎರಡು ವಾರ ತುಂಬಿದ ಮೇಲೆ ಅದರ ಫೋಟೊ ಕಳಿಸಿ. ಪೆರ್ಲದಿಂದ ಎಷ್ಟು, ವಿಟ್ಲದಿಂದ ಎಷ್ಟು ಎಂದು ನೋಡಿ ವೃತ್ತ ಹಿಗ್ಗಿಸಬೇಕೋ ಕುಗ್ಗಿಸಬೇಕೋ ಹೇಳುತ್ತೇನೆ. ಸಿಮ್ಮಿನ ರೀಚಾರ್ಜ್ ಯಾವ ತಾರೀಕಿಗೆ ಮುಗಿಯುತ್ತದೆ ಎಂಬುದನ್ನು ಮಾತ್ರ ಆ ಪುಸ್ತಕದ ರಟ್ಟಿನ ಮೇಲೆಯೇ ದೊಡ್ಡದಾಗಿ ಬರೆದಿಡಿ.